ಕುರ್ಚಿ ಆಟವೋ, ಕಬಡ್ಡಿಯೋ?

ಮೊನ್ನೆ ಸಂಜೆ ಬಸ್ ಸ್ಟ್ಯಾಂಡ್ ಪಕ್ಕದ ದಿನಸಿ ಅಂಗಡಿಯಲ್ಲಿ ಒಂದು ಸಣ್ಣ ರಾಮಾಯಣವೇ ನಡೆಯಿತು. ಯಜಮಾನರು ಮಗನಿಗೆ, "ಲೇ, ಎರಡು ಕೆ.ಜಿ. ಅಕ್ಕಿ ತೂಗೋ" ಅಂದರು. ಮಗ ಮೂಟೆಯ ಮೇಲೆ ಕೂತು ಮೊಬೈಲ್ ಒತ್ತುತ್ತಿದ್ದ. "ಬಂದೆ ಅಪ್ಪಾ, ಐದೇ ನಿಮಿಷ. ಸರ್ಕಲ್ ಚಿಕ್ಕದಾಗ್ತಿದೆ, ಇನ್ನು ಹನ್ನೊಂದೇ ಜನ ಉಳಿದಿರೋದು" ಅಂದ. ಗಿರಾಕಿ ಹೆಂಗಸಿಗೆ ಹೊಳಲ್ಕೆರೆ ಬಸ್ಸು ಹೊರಡುವ ಹೊತ್ತು. ಆಕೆ ಎದುರಂಗಡಿಗೆ ನಡೆದರು. ಯಜಮಾನರು ಮೊಬೈಲ್ ಕಿತ್ತುಕೊಂಡರು. ಮಗ ರಾತ್ರಿ ಊಟ ಬಿಟ್ಟ.

ಮರುದಿನ ಯಜಮಾನರು ನನ್ನನ್ನು ಕೂರಿಸಿಕೊಂಡು ಕೇಳಿದರು: "ಸ್ವಾಮಿ, ಇದೇ ಹುಡುಗ ಹೋದ ವರ್ಷಾನೂ ಗುಂಡು ಹಾರಿಸೋ ಆಟಾನೇ ಆಡ್ತಿದ್ದ. ಕರೆದರೆ ಎರಡು ನಿಮಿಷಕ್ಕೆ ಎದ್ದು ಬರ್ತಿದ್ದ. ಈಗ ಯಾಕೆ ಹಿಂಗೆ?"

ಒಳ್ಳೆ ಪ್ರಶ್ನೆ. ನಾವು ದೊಡ್ಡವರು ಎಲ್ಲವನ್ನೂ ಒಟ್ಟು ಸೇರಿಸಿ "ಪಬ್ಜಿ" ಎಂದು ಬೈದು ಸುಮ್ಮನಾಗುತ್ತೇವೆ. ಆದರೆ ಗುಂಡಿನ ಆಟದಲ್ಲಿ ಎರಡು ಜಾತಿ ಇವೆ. ಎರಡರ ಗುಣ ಬೇರೆ ಬೇರೆ.

ಮೊದಲನೆಯದು ಹಳೇ ಪದ್ಧತಿ, ತಂಡದ ಆಟ. ಹಿಂದೆ ಸೈಬರ್ ಸೆಂಟರುಗಳಲ್ಲಿ ಹುಡುಗರು ಸಾಲಾಗಿ ಕೂತು ಆಡುತ್ತಿದ್ದ ಕೌಂಟರ್ ಸ್ಟ್ರೈಕ್ ನೆನಪಿರಬೇಕು. 1999ರಲ್ಲಿ ಇನ್ನೊಂದು ಆಟದ ಬಾಲವಾಗಿ ಹುಟ್ಟಿ, 2000ದಲ್ಲಿ ಸ್ವತಂತ್ರವಾಗಿ ಮಾರಾಟಕ್ಕೆ ಬಂತು. ಸ್ಪರ್ಧೆಯಲ್ಲಿ ಆ ಕಡೆ ಐದು ಜನ, ಈ ಕಡೆ ಐದು ಜನ. ಒಂದು ತಂಡ ಬಾಂಬ್ ಇಡಬೇಕು, ಇನ್ನೊಂದು ತಡೆಯಬೇಕು. ಒಂದು ಸುತ್ತು ಎರಡು ಮೂರು ನಿಮಿಷದಲ್ಲಿ ಮುಗಿಯಿತು. ಸತ್ತವನು ಆ ಸುತ್ತು ಮುಗಿಯುವ ತನಕ ನೋಡುತ್ತಾ ಕೂರಬೇಕು, ಮುಂದಿನ ಸುತ್ತಿಗೆ ಮತ್ತೆ ಜೀವ. ಇದರಲ್ಲೇ ಇನ್ನೊಂದು ಬಗೆ, ಟೀಮ್ ಡೆತ್‌ಮ್ಯಾಚ್. ಅಲ್ಲಿ ಸತ್ತವನು ಕೆಲವೇ ಸೆಕೆಂಡಿನಲ್ಲಿ ಎದ್ದು ಬರುತ್ತಾನೆ.

ಎರಡನೆಯದು ಬ್ಯಾಟಲ್ ರಾಯಲ್. ಈ ಹೆಸರನ್ನು ಊರೂರಿಗೆ ತಂದದ್ದು 2017ರಲ್ಲಿ ಬಂದ ಪಬ್ಜಿ. ಅದರ ಮೊಬೈಲ್ ರೂಪ 2018ರಲ್ಲಿ ನಮ್ಮ ಹುಡುಗರ ಕೈಗೆ ಬಂತು. ನೂರು ಜನ ವಿಮಾನದಿಂದ ಬರಿಗೈಲಿ ಹಾರುತ್ತಾರೆ. ಕೆಳಗೆ ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲದ ದ್ವೀಪ. ಖಾಲಿ ಮನೆಗಳಿಗೆ ನುಗ್ಗಿ ಬಂದೂಕು ಹುಡುಕಿಕೊಳ್ಳಬೇಕು. ಹೊತ್ತು ಕಳೆದಂತೆ ಸುತ್ತಲಿನ ಗೆರೆ ಕಿರಿದಾಗುತ್ತಾ ಎಲ್ಲರನ್ನೂ ಒಂದೇ ಕಡೆ ದೂಡುತ್ತದೆ. ಕೊನೆಗೆ ಉಳಿದವನಿಗೆ, ಇಲ್ಲವೇ ಉಳಿದ ತಂಡಕ್ಕೆ ಜಯ. ಗೆದ್ದರೆ ಪರದೆ ಮೇಲೆ "ಚಿಕನ್ ಡಿನ್ನರ್" ಎಂದು ಬರುತ್ತದೆ. ಡಿನ್ನರ್ ಮಾತ್ರ ಬರೋದಿಲ್ಲ!

ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಂದು ಕಬಡ್ಡಿ, ಇನ್ನೊಂದು ಶಾಲೆಯಲ್ಲಿ ಆಡಿಸುವ ಮ್ಯೂಸಿಕಲ್ ಚೇರ್. ಕಬಡ್ಡಿಯಲ್ಲಿ ಔಟಾದವನು ಗೆರೆಯ ಪಕ್ಕ ಕೂತು ತನ್ನವರ ಕಡೆ ನೋಡುತ್ತಾನೆ. ಅವರು ಒಬ್ಬನನ್ನು ಔಟ್ ಮಾಡಿದರೆ ಇವನಿಗೆ ಮರುಜೀವ. ಮ್ಯೂಸಿಕಲ್ ಚೇರ್‌ನಲ್ಲಿ ಕುರ್ಚಿ ಒಂದೊಂದೇ ಕಡಿಮೆಯಾಗುತ್ತದೆ, ಹೊರಗೆ ಹೋದವನು ಹೋದ ಹಾಗೆಯೇ. ಬ್ಯಾಟಲ್ ರಾಯಲ್‌ನ ಮೂಲ ನಿಯಮ ಇದೇ. ಸತ್ತವನನ್ನು ವಾಪಸು ಕರೆಸುವ ಅನುಕೂಲ ಈಗೀಗ ಕೆಲವು ಬಗೆಗಳಲ್ಲಿ ಬಂದಿದೆಯಾದರೂ ಆಟದ ಜೀವಾಳ ಬದಲಾಗಿಲ್ಲ.

ಯಜಮಾನರ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ದೊಡ್ಡ ದ್ವೀಪದ ಆಟ ಪೂರ್ತಿ ನಡೆದರೆ ಸುಮಾರು ಅರ್ಧ ಗಂಟೆ. ನಡುವೆ ಇಂಟರ್‌ವಲ್ ಇಲ್ಲ. ಇಪ್ಪತ್ತೈದು ನಿಮಿಷ ಅಡಗಿ, ತೆವಳಿ, ಹನ್ನೊಂದು ಜನರಲ್ಲಿ ಒಬ್ಬನಾಗಿ ಉಳಿದವನಿಗೆ "ಅಕ್ಕಿ ತೂಗೋ" ಅಂದರೆ ಅಷ್ಟೂ ಹೊತ್ತು ನೀರಿಗೆ ಹೋದಂತೆ. ಜತೆಗೆ ಮೂವರು ಗೆಳೆಯರಿದ್ದರೆ ಅವರನ್ನೂ ನಡುನೀರಿನಲ್ಲಿ ಕೈಬಿಟ್ಟಂತೆ. ತಂಡದ ಆಟದಲ್ಲೂ ನಡುವೆ ಏಳುವುದು ಕಷ್ಟವೇ. ಆದರೆ ಅಲ್ಲಿ ಐದು ನಿಮಿಷ ಎಂದರೆ ನಿಜವಾಗಿಯೂ ಐದು ನಿಮಿಷವಿರಬಹುದು.

ಇನ್ನೊಂದು ಕಿತಾಪತಿ ಇದೆ. ನೂರರಲ್ಲಿ ಆರನೆಯವನಾಗಿ ಸೋತವನಿಗೆ ಸೋತೆ ಎನಿಸುವುದಿಲ್ಲ. "ಸ್ವಲ್ಪದರಲ್ಲಿ ತಪ್ಪಿತು, ಇನ್ನೊಂದು ಸಲ" ಎನಿಸುತ್ತದೆ. ಲಾಟರಿಯಲ್ಲಿ ಕೊನೇ ನಂಬರ್ ತಪ್ಪಿದವನ ಕಥೆಯೇ ಇದು. ಹೊಸಬರ ಆಟಗಳಲ್ಲಿ ಎದುರಾಳಿಗಳಾಗಿ ಕಂಪ್ಯೂಟರೇ ಆಡಿಸುವ ಬೊಂಬೆಗಳನ್ನೂ ತುಂಬಿರುತ್ತಾರೆ. ಹುಡುಗ ಹತ್ತು ಜನರನ್ನು ಹೊಡೆದೆ ಎಂದು ಬೀಗುತ್ತಾನೆ. ಅದರಲ್ಲಿ ಮನುಷ್ಯರೆಷ್ಟು, ಬೊಂಬೆಗಳೆಷ್ಟು ಎಂದು ಅವನಿಗೂ ಗೊತ್ತಿರುವುದಿಲ್ಲ.

ಹಾಗಂತ ಒಂದೇ ಕಡೆ ತಕ್ಕಡಿ ಬಗ್ಗಿಸಬಾರದು. ಬ್ಯಾಟಲ್ ರಾಯಲ್‌ನಲ್ಲೂ ಒಂದು ನ್ಯಾಯವಿದೆ. ಅಲ್ಲಿ ಎಲ್ಲರೂ ಬರಿಗೈಲೇ ಇಳಿಯುತ್ತಾರೆ. ಬೆರಳಿನ ಚುರುಕು ಕಡಿಮೆಯಿದ್ದವನೂ ಬುದ್ಧಿ ಓಡಿಸಿ, ಮರದ ಮರೆಯಲ್ಲಿದ್ದು ಕೊನೆಯ ಹತ್ತರೊಳಗೆ ಬರಬಹುದು. ತಂಡದ ಆಟದಲ್ಲಿ ಈ ದಯೆ ಇಲ್ಲ. ಹೊಸಬ ಬಂದರೆ ನುರಿತವರು ಹತ್ತು ಸಲ ಕೆಡವುತ್ತಾರೆ, ಮೇಲೆ ತನ್ನ ತಂಡದವರದೇ ಬೈಗುಳ.

ನಿಷೇಧಿಸಿ ಎನ್ನುವವರು ಹಿಂದಿನದನ್ನು ನೋಡಲಿ. 2019ರ ಮಾರ್ಚಿಯಲ್ಲಿ ಗುಜರಾತಿನ ರಾಜಕೋಟೆಯಲ್ಲಿ ಪಬ್ಜಿ ಆಡಿದ ಹುಡುಗರನ್ನು ಪೊಲೀಸರು ಹಿಡಿದರು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್ಜಿಯೂ ಸೇರಿದಂತೆ 118 ಆ್ಯಪ್‌ಗಳನ್ನು ನಿಷೇಧಿಸಿತು. ಕಾರಣ ಮಕ್ಕಳ ಓದಲ್ಲ, ದೇಶದ ಭದ್ರತೆ. 2021ರ ಜುಲೈನಲ್ಲಿ ಅದೇ ಆಟ ಬಿಜಿಎಂಐ ಎಂಬ ಹೊಸ ಹೆಸರಲ್ಲಿ ಬಂತು. 2022ರ ಜುಲೈನಲ್ಲಿ ಮಾಯವಾಯಿತು. 2023ರ ಮೇನಲ್ಲಿ ಮತ್ತೆ ಬಂತು. ಸತ್ತವನಿಗೆ ಮರುಜೀವ ಇಲ್ಲದ ಆಟಕ್ಕೇ ಎರಡು ಸಲ ಮರುಜೀವ! ನಿಷೇಧವನ್ನು ನಂಬಿ ಕೂತ ಅಪ್ಪಂದಿರಿಗೆ ಏನು ಸಿಕ್ಕಿತು?

ಇಷ್ಟೆಲ್ಲ ಈಗ ಹೇಳಲು ಕಾರಣವಿದೆ. ಈ ಸಲ ಗಣೇಶನ ಪೆಂಡಾಲಿನಲ್ಲಿ ಮೊಬೈಲ್ ಗೇಮ್ ಟೂರ್ನಮೆಂಟ್ ಇಡಬೇಕೆಂದು ನಮ್ಮ ಯುವಕರ ಸಂಘಗಳಲ್ಲಿ ಮಾತು ನಡೆದಿದೆ. ನಾಲ್ವರ ತಂಡ ಇಪ್ಪತ್ತೈದು, ಒಟ್ಟು ನೂರು ಹುಡುಗರು, ಒಂದೇ ಬ್ಯಾಟಲ್ ರಾಯಲ್ ಎಂಬ ಲೆಕ್ಕಾಚಾರ. ಬೇಡ ಎನ್ನುವ ಹಿರಿಯರ ಪೈಕಿ ನಾನಿಲ್ಲ. ಆದರೆ ಒಂದು ವಿಚಾರ ಮಾಡಿ. ನೂರು ಹುಡುಗರು ಏಕಕಾಲಕ್ಕೆ ತಲೆ ಬಗ್ಗಿಸಿ ಕೂತರೆ ನೋಡುವುದಕ್ಕೆ ಏನಿದೆ? ಮೊದಲ ಎರಡು ನಿಮಿಷದಲ್ಲೇ ಸತ್ತ ತಂಡ ಮಾಡುವುದೇನು? ಪೆಂಡಾಲಿನ ಮೂಲೆಯಲ್ಲಿ ಕೂತು ಇನ್ನೊಂದು ಆಟ ಶುರು ಮಾಡುತ್ತದೆ, ಅಷ್ಟೇ.

ಅದೇ ಬಿಜಿಎಂಐ ಒಳಗೆ ಟೀಮ್ ಡೆತ್‌ಮ್ಯಾಚ್ ಕೂಡ ಇದೆ. ಹೊಸದೇನೂ ಕೊಳ್ಳಬೇಕಿಲ್ಲ. ನಾಲ್ವರ ಎದುರು ನಾಲ್ವರು, ಮೊದಲು ನಲವತ್ತು ಮುಟ್ಟಿದವರು ಗೆದ್ದರು, ಹತ್ತು ನಿಮಿಷದೊಳಗೆ ಫಲಿತಾಂಶ. ಇಪ್ಪತ್ತೈದು ತಂಡಕ್ಕೆ ನಾಕೌಟ್ ಇಟ್ಟರೆ ಇಪ್ಪತ್ತನಾಲ್ಕು ಪಂದ್ಯ, ಹತ್ತು ನಿಮಿಷದಂತೆ ನಾಲ್ಕು ಗಂಟೆ. ಎರಡು ಸಂಜೆಗೆ ಹಂಚಿದರೆ ಸಲೀಸು. ವೇದಿಕೆ ಮೇಲೆ ಎಂಟೇ ಹುಡುಗರು, ಒಂದು ದೊಡ್ಡ ಪರದೆ. ಮಿಕ್ಕವರು ಕಬಡ್ಡಿ ಅಂಕಣದ ಸುತ್ತ ಸೇರಿದ ಹಾಗೆ ಕೂಗಿ ಹುರಿದುಂಬಿಸಲಿ. ಅಪ್ಪಂದಿರೂ ಬಂದು ನೋಡಲಿ, ತಮ್ಮ ಮಗ ಏನು ಮಾಡುತ್ತಾನೆಂದು ಒಮ್ಮೆಯಾದರೂ ಗೊತ್ತಾಗಲಿ. ಪ್ರವೇಶ ಶುಲ್ಕ ವಸೂಲಿ ಮಾಡಿ ನಗದು ಬಹುಮಾನ ಕೊಡುವ ಸಾಹಸ ಮಾತ್ರ ಬೇಡಿ. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ 2025ರ ಕಾಯಿದೆಯಲ್ಲಿ ನಿಷೇಧಿಸಿದೆ. ಗಣೇಶನ ಮುಂದೆ ಪೊಲೀಸ್ ಜೀಪು ಯಾಕೆ ಬೇಕು? ಒಂದು ಕಪ್ಪು, ನಾಲ್ಕು ಟಿ ಶರ್ಟು ಸಾಕು.

ಯಜಮಾನರಿಗೆ ನಾನು ಹೇಳಿದ್ದಿಷ್ಟೇ. ಮೊಬೈಲ್ ಕಿತ್ತುಕೊಳ್ಳುವ ಮೊದಲು "ಯಾವ ಆಟ, ಎಷ್ಟು ಹೊತ್ತಿನದು?" ಎಂದು ಕೇಳಿ. ಅಂಗಡಿ ಹೊತ್ತಿನಲ್ಲಿ ಅರ್ಧ ಗಂಟೆಯ ದ್ವೀಪ ಬೇಡ, ಬಾಗಿಲು ಹಾಕಿದ ಮೇಲೆ ಒಂದು ಆಟ ಆಡಿಕೋ ಎಂದು ಕರಾರು ಮಾಡಿ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಅಲ್ಲಾ ಸ್ವಾಮಿ, ಅಕ್ಕಿ ಬೇರೆ ಬೇರೆ ಅಂತ ಗಿರಾಕಿಗೆ ದಿನಾ ಹೇಳ್ತೀನಿ. ಆಟ ಬೇರೆ ಬೇರೆ ಅಂತ ನನಗೇ ಹೊಳೀಲಿಲ್ಲ ನೋಡಿ" ಅಂದರು.

ಮಗ ಮೂಟೆಯ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದ. ಕೈಯಲ್ಲಿ ಮೊಬೈಲ್ ಇರಲಿಲ್ಲ.