ಬಿಲ್ಲು ಕಾಂಕ್ರೀಟಿಗೆ, ನೀರಿಗೆ ಹೊಣೆ ಯಾರು?

ಭದ್ರಾ ನಾಲೆಗೆ ನೀರು ಬಿಟ್ಟರೆಂಬ ಸುದ್ದಿ ಬಂದ ಮೇಲೂ ಮಲೇಬೆನ್ನೂರು ಭಾಗದಲ್ಲಿ ನಾಲೆಯ ಕೊನೆಯಲ್ಲಿರುವ ರೈತರು ಭತ್ತದ ಸಸಿಮಡಿ ಹಾಕಲು ಹಿಂದೆಮುಂದೆ ನೋಡುತ್ತಾರೆ. ಜಲಾಶಯ 186 ಅಡಿ ಮುಟ್ಟಿದರೂ ತಮ್ಮ ತೂಬಿಗೆ ನೀರು ಬರುತ್ತದೆಂಬ ಖಾತ್ರಿ ಅವರಿಗಿಲ್ಲ. ಆಮೇಲಿನದು ಹಳೇ ಕಥೆ: ರಸ್ತೆ ತಡೆ, ಅಧಿಕಾರಿಗಳ ಭರವಸೆ, ಅಕ್ರಮ ಪಂಪ್‌ಸೆಟ್ ತೆರವಿನ ಮಾತು.

ಅಕ್ರಮ ಪಂಪ್‌ಸೆಟ್‌ಗಳಿರುವುದು ನಿಜ. ಆದರೆ ಅಷ್ಟಕ್ಕೇ ಸುಮ್ಮನಾದರೆ ಇನ್ನೊಂದು ಪ್ರಶ್ನೆ ಉಳಿದುಬಿಡುತ್ತದೆ. ನಾಲೆ ದುರಸ್ತಿಗೆ, ಆಧುನೀಕರಣಕ್ಕೆ ಗುತ್ತಿಗೆ ಕೊಡುವಾಗ ಸರ್ಕಾರ ದುಡ್ಡು ಕೊಟ್ಟು ಪಡೆಯುವುದೇನನ್ನು?

ಸಾಮಾನ್ಯವಾಗಿ, ಕಾಂಕ್ರೀಟನ್ನು. ಅಳತೆ ಪುಸ್ತಕದಲ್ಲಿ ದಾಖಲಾಗುವುದು ಅಗೆದ ಮಣ್ಣೆಷ್ಟು, ಹಾಕಿದ ಲೈನಿಂಗ್ ಎಷ್ಟು ಎಂಬುದು. ಬಿಲ್ ಆಗುವುದೂ ಅದರ ಮೇಲೆಯೇ. ಕೆಲಸ ಮುಗಿದ ಮೇಲೆ ಕೊನೆ ತೂಬಿನಲ್ಲಿ ಎಷ್ಟು ಕ್ಯೂಸೆಕ್ ಹರಿಯಿತು ಎಂಬುದಕ್ಕೂ ಬಿಲ್ಲಿಗೂ ಸಂಬಂಧವಿಲ್ಲ.

ಅದಕ್ಕೂ ಮೊದಲಿನದು ಡಿಪಿಆರ್. ಸರ್ವೆ, ವಿನ್ಯಾಸ, ಅಂದಾಜುಪಟ್ಟಿ ಮಾಡುವ ಕೆಲಸವನ್ನು ಖಾಸಗಿ ಸಲಹಾ ಸಂಸ್ಥೆಗಳಿಗೆ ಟೆಂಡರ್ ಮೂಲಕ ವಹಿಸುವುದು ಈಗ ರೂಢಿ. ಅದನ್ನು ತಪ್ಪೆನ್ನುವುದಿಲ್ಲ. ಆದರೆ ಯಾವ ತೂಬು ಸೋರುತ್ತದೆ, ಯಾವ ಏರಿ ಕುಸಿಯುತ್ತದೆ ಎಂದು ಬಲ್ಲವರು ನಾಲೆ ಮೇಲೆ ಓಡಾಡಿ ಗೇಟು ಎತ್ತಿ ಇಳಿಸುವ ಸೌಡಿಗಳು. ಅವರನ್ನು ಕೇಳದೆ ಮಾಡಿದ ವಿನ್ಯಾಸ ಹಾಳೆಯ ಮೇಲಷ್ಟೇ ಚೆನ್ನ.

1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯಿಂದ ಟೆಂಡರ್ ಯಾರಿಗೆ, ಎಷ್ಟಕ್ಕೆ ಹೋಯಿತೆಂದು ತಿಳಿಯುವ ದಾರಿಯಾಯಿತು. ಆ ಕೆಲಸ ಯಾಕೆ, ಯಾರ ನೀರಿಗೆ ಏನಾಗುತ್ತದೆ ಎಂಬುದು ಊರಿಗೆ ತಿಳಿಯುವುದು ಜೆಸಿಬಿ ಬಂದ ಮೇಲೆ. 2025ರ ಜೂನ್‌ನಲ್ಲಿ ಭದ್ರಾ ಬಲದಂಡೆ ನಾಲೆಯನ್ನು ಸೀಳಿ ಹೊಸದುರ್ಗ, ತರೀಕೆರೆ ಕಡೆಗೆ ಕುಡಿಯುವ ನೀರು ಒಯ್ಯುವ ಕಾಮಗಾರಿ ವಿರುದ್ಧ ದಾವಣಗೆರೆ ರೈತರು ಬೀದಿಗಿಳಿದರು. ಹೊಸದುರ್ಗದವರ ಬಾಯಾರಿಕೆಯೂ ನಿಜ, ನಮ್ಮ ಕೊನೆ ಭಾಗದವರ ಭಯವೂ ನಿಜ. ಎರಡನ್ನೂ ಟೆಂಡರಿಗೆ ಮೊದಲೇ ಎದುರುಬದುರು ಕೂರಿಸಿ ಮಾತಾಡಬೇಕಿತ್ತು.

ನಾವು ಕೇಳುವುದು ಮೂರೇ. ಡಿಪಿಆರ್ ಸಾರಾಂಶ ಮತ್ತು ಅಂದಾಜುಪಟ್ಟಿಯನ್ನು ಟೆಂಡರಿಗೆ ಮೊದಲೇ ಕನ್ನಡದಲ್ಲಿ ಗ್ರಾಮಸಭೆಯ ಮುಂದಿಡಿ. ಸರ್ವೆಗೆ ಸೌಡಿಗಳನ್ನೂ ನೀರು ಬಳಕೆದಾರರ ಸಂಘದವರನ್ನೂ ಕರೆದೊಯ್ಯುವ ಷರತ್ತು ಹಾಕಿ. ಬಿಲ್ಲಿನ ಒಂದು ಪಾಲನ್ನು ಒಂದು ಹಂಗಾಮು ನೀರು ಹರಿದ ಮೇಲೆ ಕೊಡಿ.

‘ಡ್ಯಾಂ ತುಂಬದಿದ್ದರೆ, ಮೇಲಿನವರು ನೀರೆತ್ತಿದರೆ ಗುತ್ತಿಗೆದಾರ ಏನು ಮಾಡಿಯಾನು?’ ಎನ್ನಬಹುದು. ನ್ಯಾಯವಾದ ಮಾತು. ಅದಕ್ಕೇ ಕಾಮಗಾರಿ ನಡೆದ ಭಾಗದ ಆರಂಭದಲ್ಲಿ ಎಷ್ಟು ನೀರು ಒಳಬಂತು, ಕೊನೆಯಲ್ಲಿ ಎಷ್ಟು ಹೊರಹೋಯಿತು ಎಂದು ಅಳೆಯಿರಿ. ನಡುವಿನ ತೂಬುಗಳಿಗೆ ಹೋದದ್ದನ್ನೂ ಎತ್ತಿದ್ದನ್ನೂ ಲೆಕ್ಕಕ್ಕೆ ಹಿಡಿದು, ಉಳಿದ ಸೋರಿಕೆಗಷ್ಟೇ ಗುತ್ತಿಗೆದಾರ ಉತ್ತರ ಕೊಡಲಿ.

ನಿಮ್ಮೂರ ನಾಲೆ ಪಕ್ಕ ಕಾಮಗಾರಿ ಬೋರ್ಡು ಕಂಡರೆ ಮೊತ್ತ ಓದಿ ಸುಮ್ಮನಾಗಬೇಡಿ. ಇದು ಮುಗಿದ ಮೇಲೆ ಕೊನೆ ತೂಬಿಗೆ ಎಷ್ಟು ನೀರು ಬರುತ್ತದೆ ಎಂದು ಕೇಳಿ. ಉತ್ತರ ಬರವಣಿಗೆಯಲ್ಲೇ ಇರಲಿ.