ಹಬ್ಬ ಉಳಿಯಿತು, ಮಾತು ಹೋಯಿತು

ಮಕ್ಕಳೇ, ಇಟಲಿಯ ನೇಪಲ್ಸ್ ನಗರದ ದಕ್ಷಿಣಕ್ಕೆ, ಕಡಲ ತೀರದ ಹತ್ತಿರ, ಪೇಸ್ಟಮ್ ಎಂಬ ಹಾಳೂರಿದೆ. ಅಲ್ಲಿಯ ಮೂರು ದೊಡ್ಡ ದೇವಾಲಯಗಳ ಕಂಬಸಾಲುಗಳು ಇಂದಿಗೂ ನಿಂತಿವೆ. ಇಟಲಿಯಲ್ಲಿದ್ದರೂ ಅವನ್ನು ಕಟ್ಟಿದವರು ಗ್ರೀಕರು. ಕ್ರಿ.ಪೂ. 600ರ ಸುಮಾರಿಗೆ ಇಲ್ಲಿ ಬಂದು ನೆಲೆಸಿ, ಸಮುದ್ರದೇವತೆ ಪೊಸೈಡನ್‌ನ ಹೆಸರಿನಲ್ಲಿ ಊರಿಗೆ ‘ಪೊಸಿಡೋನಿಯಾ’ ಎಂದು ಹೆಸರಿಟ್ಟರು. ಅವರು ಬಂದದ್ದು ಸಿಬಾರಿಸ್ ಎಂಬ ಊರಿನಿಂದ. ಅದೂ ಇಟಲಿಯಲ್ಲಿ ಗ್ರೀಕರು ವಲಸೆ ಬಂದು ಕಟ್ಟಿದ ಊರೇ. ಅಂದರೆ, ಎರಡೆರಡು ಸಲ ನೆಲೆ ಬದಲಿಸಿದ ಜನ.

ಇನ್ನೂರು ವರ್ಷ ಚೆನ್ನಾಗಿಯೇ ಬಾಳಿದರು. ಊರ ಮಂದಿ ಸಭೆ ಸೇರಲು ದುಂಡನೆಯ ಮೆಟ್ಟಿಲುಸಾಲುಗಳ ಸಭಾಸ್ಥಾನವನ್ನೂ ಕಟ್ಟಿಕೊಂಡರು. ಕ್ರಿ.ಪೂ. 400ರ ಸುಮಾರಿಗೆ ಊರು ಲುಕೇನಿಯನ್ನರ ಕೈಸೇರಿತು. ಅವರು ದೇವಾಲಯಗಳನ್ನು ಕೆಡವಲಿಲ್ಲ, ಸಭಾಸ್ಥಾನವನ್ನೂ ಮುಚ್ಚಲಿಲ್ಲ. ಆದರೆ ಆ ಸಭಾಸ್ಥಾನದಲ್ಲಿ ಸಿಕ್ಕ ಅವರ ಕಾಲದ ಶಾಸನ ಇರುವುದು ಗ್ರೀಕ್‌ನಲ್ಲಲ್ಲ, ಅವರ ಆಸ್ಕನ್ ಭಾಷೆಯಲ್ಲಿ. ಕ್ರಿ.ಪೂ. 273ರಲ್ಲಿ ರೋಮನ್ನರು ಬಂದರು; ಊರಿನ ಹೆಸರು ಪೇಸ್ಟಮ್ ಆಯಿತು.

ಅರಿಸ್ಟಾಟಲನ ಶಿಷ್ಯ ಅರಿಸ್ಟೋಕ್ಸೆನಸ್ ಎಂಬ ಸಂಗೀತ ಶಾಸ್ತ್ರಜ್ಞನಿದ್ದ. ಅವನೂ ದಕ್ಷಿಣ ಇಟಲಿಯ ಗ್ರೀಕನೇ. ತನ್ನ ಕಾಲದಲ್ಲಿ ಸಂಗೀತ ಕೆಟ್ಟಿತೆಂದು ಕೊರಗುತ್ತಾ ಅವನು ಪೊಸಿಡೋನಿಯಾದವರ ಉದಾಹರಣೆ ಕೊಡುತ್ತಾನೆ. ಅವರ ಮಾತು, ನಡೆ ಎಲ್ಲ ಬದಲಾಯಿತಂತೆ. ಒಂದೇ ಒಂದು ಗ್ರೀಕ್ ಹಬ್ಬ ಉಳಿಯಿತಂತೆ. ಆ ದಿನ ಎಲ್ಲರೂ ಸೇರಿ, ಹಳೆಯ ಹೆಸರುಗಳನ್ನೂ ಪದ್ಧತಿಗಳನ್ನೂ ನೆನೆದು, ಕಣ್ಣೀರು ಹಾಕಿ, ತಮ್ಮ ತಮ್ಮ ಮನೆಗೆ ಹೋಗುತ್ತಿದ್ದರಂತೆ.

ಇದನ್ನು ಓದಿದಾಗ ನನಗೆ ನಮ್ಮ ರಾಜ್ಯೋತ್ಸವದ ಸಮಾರಂಭ ನೆನಪಾಯಿತು. ನೀವೆಲ್ಲ ರೇಷ್ಮೆ ಉಟ್ಟು ಬರುತ್ತೀರಿ, ಕುಣಿಯುತ್ತೀರಿ, ಹೋಳಿಗೆ ಊಟ ಮಾಡುತ್ತೀರಿ. ನೋಡಲು ಎರಡು ಕಣ್ಣು ಸಾಲದು. ಆದರೆ ಮರುದಿನ ಊರಿನಿಂದ ಅಜ್ಜಿಯ ಫೋನ್ ಬಂದರೆ, “ಅಮ್ಮಾ, ನೀನೇ ಮಾತಾಡು” ಎಂದು ಜಾರಿಕೊಳ್ಳುವವರು ನಿಮ್ಮಲ್ಲಿ ಎಷ್ಟು ಜನ?

ಕಲ್ಲಿನ ಕಂಬ ಯಾರೂ ನೋಡದಿದ್ದರೂ ಎರಡೂವರೆ ಸಾವಿರ ವರ್ಷ ನಿಂತೀತು. ಮಾತಿಗೆ ದಿನವೂ ಆಡುವ ಬಾಯಿ ಬೇಕು. ಅದಕ್ಕೆ ವೇದಿಕೆ, ಹಾರ, ಭಾಷಣ ಯಾವುದೂ ಬೇಕಿಲ್ಲ. ಅಣ್ಣ ತಮ್ಮಂದಿರ ಜಗಳವಾದರೂ ಕನ್ನಡದಲ್ಲೇ ಆಗಲಿ. ಲಿಂಗ ವಚನ ತಪ್ಪಿದರೆ ನಾವು ದೊಡ್ಡವರು ನಗಬಾರದು; ನಕ್ಕರೂ ನೀವು ಮಾತು ನಿಲ್ಲಿಸಬೇಡಿ. ಈ ಭಾನುವಾರ ಅಜ್ಜಿಗೆ ನೀವೇ ಫೋನ್ ಮಾಡಿ, ಊಟ ಆಯ್ತಾ ಎಂದು ಕೇಳಿ.