ತಿಂಗಳ ಸಂಬಳದ ಲೆಕ್ಕ ಸಾಲದು, ಬಟವಾಡೆಯ ಲೆಕ್ಕ ಬೇಕು



ಮನೆಯ ಖರ್ಚುವೆಚ್ಚ ಬರೆದಿಡಲು ಮೊಬೈಲಿನಲ್ಲಿ ಈಗ ಬೇಕಾದಷ್ಟು ಆ್ಯಪ್‌ಗಳಿವೆ. ಓದಿದ ಮಕ್ಕಳು ಅಪ್ಪ ಅಮ್ಮನ ಫೋನಿಗೂ ಹಾಕಿಕೊಡುತ್ತಾರೆ. ಹಾಕಿದ ವಾರಕ್ಕೇ ಅದು ಮೂಲೆ ಸೇರುತ್ತದೆ. ತಪ್ಪು ನಿಮ್ಮದಲ್ಲ. ಆ ಆ್ಯಪ್‌ಗಳಲ್ಲಿ ಹೆಚ್ಚಿನವು ಒಂದನೇ ತಾರೀಖಿಗೆ ಸಂಬಳ ಎಣಿಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ಹಸು ಕಟ್ಟಿದವರ ಹಣಕಾಸು ಹಾಗೆ ನಡೆಯುವುದಿಲ್ಲ. ನಮ್ಮ ಮನೆಗಳಿಗೆ ಬಜೆಟ್ ಆ್ಯಪ್ ಮಾಡುವುದಾದರೆ ಅದನ್ನು ಕೊಟ್ಟಿಗೆಯಿಂದಲೇ ಶುರುಮಾಡಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲನೆಯದು ಬಟವಾಡೆ. ನಮಗೆ ಹಣ ಬರುವುದು 15 ದಿನಕ್ಕೊಮ್ಮೆ, ಕೆಲವೆಡೆ ವಾರಕ್ಕೊಮ್ಮೆ. ಅದೂ ಕಡಿತವಾದ ಮೇಲೆ ಉಳಿದದ್ದು. ಲೆಕ್ಕಕ್ಕಾಗಿ ಹೀಗಿಟ್ಟುಕೊಳ್ಳೋಣ: ಒಂದು ಹಸು ದಿನಕ್ಕೆ 12 ಲೀಟರ್ ಕೊಡುತ್ತದೆ, ಲೀಟರಿಗೆ 35 ರೂಪಾಯಿ. 15 ದಿನಕ್ಕೆ 180 ಲೀಟರ್, 6,300 ರೂಪಾಯಿ. ಅದರಲ್ಲಿ ಎರಡು ಮೂಟೆ ಪಶು ಆಹಾರಕ್ಕೆ 2,600, ಸಾಲದ ಕಂತು 500 ಮುರಿದುಕೊಂಡರೆ ಬ್ಯಾಂಕಿಗೆ ಬೀಳುವುದು 3,200. ಬ್ಯಾಂಕಿನ ಮೆಸೇಜ್ ನೋಡಿ ಲೆಕ್ಕ ಹಾಕುವ ಆ್ಯಪ್‌ಗೆ ಕಾಣುವುದು ಈ 3,200 ಮಾತ್ರ. ಅದರ ಲೆಕ್ಕದಲ್ಲಿ ನಿಮ್ಮ ಹಸು ಏನನ್ನೂ ತಿಂದಿಲ್ಲ! ಸರ್ಕಾರದ ಪ್ರೋತ್ಸಾಹಧನ ಬೇರೊಂದು ದಿನ, ಬೇರೆ ಜಮೆಯಾಗಿ ಬರುತ್ತದೆ. ಅದು ಯಾವ ತಿಂಗಳ ಹಾಲಿನದು ಎಂಬುದನ್ನು ನಾವೇ ನೆನಪಿಟ್ಟುಕೊಳ್ಳಬೇಕು. ಹಾಗಾಗಿ ನಮ್ಮ ಆ್ಯಪ್ ಓದಬೇಕಾದದ್ದು ಬ್ಯಾಂಕಿನ ಮೆಸೇಜ್ ಒಂದನ್ನೇ ಅಲ್ಲ, ಸಂಘದ ಬಿಲ್ಲನ್ನು. ಎಷ್ಟು ಲೀಟರ್, ಯಾವ ದರ, ಏನೇನು ಕಡಿತ ಎಂಬುದೆಲ್ಲ ಅದರಲ್ಲಿದೆ.

ಎರಡನೆಯದು ಹಾಲಿಲ್ಲದ ದಿನಗಳು. ನಾನು ದನದ ಡಾಕ್ಟರು, ಲೆಕ್ಕಪತ್ರ ನನ್ನ ಕಸುಬಲ್ಲ. ಆದರೂ ಹೆಚ್ಚಿನ ಮನೆಗಳು ಸಾಲಕ್ಕೆ ಬೀಳುವ ದಿನಗಳನ್ನು ಮೊದಲೇ ಹೇಳಬಲ್ಲೆ. ಕರು ಹಾಕುವ ಮುಂಚೆ ಹಸುವಿಗೆ 60 ದಿನ ಹಾಲು ಬತ್ತಿಸಿ ಬಿಡುವು ಕೊಡಬೇಕು. ಆಗಲೂ ಅದಕ್ಕೆ ಮೇವು, ಆಹಾರ, ಖನಿಜ ಮಿಶ್ರಣ ಬೇಕು. ದಿನಕ್ಕೆ 120 ರೂಪಾಯಿ ಎಂದುಕೊಂಡರೆ 60 ದಿನಕ್ಕೆ 7,200. ಒಂದೇ ಹಸುವಿನ ಮನೆಯಲ್ಲಿ ಆ ಎರಡು ತಿಂಗಳು ಬಟವಾಡೆಯೇ ಇಲ್ಲ. ಆಗ ಕೈಸಾಲ ಹುಟ್ಟುತ್ತದೆ. ಇಲ್ಲವೇ ಖರ್ಚು ತಾಳಲಾರದೆ ತುಂಬು ಗಬ್ಬದ ಹಸುವಿನ ಆಹಾರ ನಿಲ್ಲಿಸುತ್ತೀರಿ, ಮುಂದಿನ ಸೂಲಿನಲ್ಲಿ ಹಾಲು ಕುಸಿಯುತ್ತದೆ.

ಈ 7,200 ಒಂದೇ ಸಲ ಹೊಂದಿಸುವುದು ಕಷ್ಟ. ಹಾಲು ಕೊಡುವ 300 ದಿನಗಳಲ್ಲಿ 20 ಬಟವಾಡೆಗಳಿವೆ. ಪ್ರತಿ ಬಟವಾಡೆಯಲ್ಲಿ 360 ರೂಪಾಯಿ ಎತ್ತಿಟ್ಟರೆ ಸಾಕು. ಹಣ ಬಂದ ದಿನವೇ ‘ಗೌರಿಯ ಬತ್ತಿದ ದಿನಗಳಿಗೆ 360 ತೆಗೆದಿಡಿ’ ಎಂದು ಫೋನು ನೆನಪಿಸಿದರೆ, ನನ್ನ ದೃಷ್ಟಿಯಲ್ಲಿ ಅದೇ ಒಳ್ಳೆಯ ಬಜೆಟ್ ಆ್ಯಪ್.

ಮೂರನೆಯದು ಬಿಲ್ಲೇ ಇಲ್ಲದ ಖರ್ಚು. ಹಸು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಗಬ್ಬದ ಅವಧಿ ಸುಮಾರು 280 ದಿನ. ವರ್ಷಕ್ಕೊಂದು ಕರು ಬೇಕೆಂದರೆ ಕರು ಹಾಕಿ 85 ದಿನದೊಳಗೆ ಗಬ್ಬ ಕಟ್ಟಬೇಕು. ಮೂರು ಬೆದೆ ಗಮನಿಸದೆ ಬಿಟ್ಟರೆ ಮುಂದಿನ ಕರು 63 ದಿನ ತಡ. ಹಾಲು ಇಳಿದ ಅಥವಾ ಬತ್ತಿದ ಹಸುವನ್ನು ಅಷ್ಟು ದಿನ ಹೆಚ್ಚುವರಿಯಾಗಿ ಸಾಕಲು, ಅದೇ 120ರ ಲೆಕ್ಕದಲ್ಲಿ, 7,560 ರೂಪಾಯಿ. ಇದಕ್ಕೆ ಯಾವ ಅಂಗಡಿಯೂ ಚೀಟಿ ಕೊಡುವುದಿಲ್ಲ. ನನ್ನ ಇಂಜೆಕ್ಷನ್ನಿನ ಖರ್ಚು ನಿಮಗೆ ನೆನಪಿರುತ್ತದೆ, ಈ ಖರ್ಚು ಕಣ್ಣಿಗೇ ಬೀಳುವುದಿಲ್ಲ. ಕಿವಿಯೋಲೆಯ 12 ಅಂಕಿಗಳ ಜೊತೆ ಕರು ಹಾಕಿದ ದಿನ, ಬೆದೆಯ ದಿನ, ಗರ್ಭಧಾರಣೆ ಮಾಡಿಸಿದ ದಿನ ಸೇರಿದರೆ ಆ್ಯಪ್ ಈ ನಷ್ಟವನ್ನು ಮುಂಚೆಯೇ ತೋರಿಸಬಲ್ಲದು. ತಳಿ, ಮೇವು, ಚಿಕಿತ್ಸೆಯ ಮಾಹಿತಿಗೆ 2020ರಲ್ಲಿ ಬಂದ ಇ-ಗೋಪಾಲ ಆ್ಯಪ್ ಇದೆ. ನಾನು ಕೇಳುತ್ತಿರುವುದು ಹಸುವಿನ ಈ ವಿವರವೂ ಮನೆಯ ಹಣದ ಲೆಕ್ಕವೂ ಒಂದೇ ಕಡೆ ಕೂಡುವುದನ್ನು.

ಇನ್ನು ಯಾರ ಕೈಗೆ? ಬಹುಪಾಲು ಮನೆಗಳಲ್ಲಿ ಹಾಲು ಕರೆಯುವವರು, ಸಗಣಿ ಬಾಚುವವರು, ಹಸುವಿನ ಮೈ ಬಲ್ಲವರು ಹೆಣ್ಣುಮಕ್ಕಳು. ಫೋನು ಮಾತ್ರ ಗಂಡನ ಅಥವಾ ಮಗನ ಜೇಬಿನಲ್ಲಿ. ಇಂಗ್ಲಿಷಿನ ಹತ್ತು ಖಾನೆ ತುಂಬುವ ಆ್ಯಪ್ ಅವರಿಗೆ ಬೇಡ. ‘ಇವತ್ತು ಒಂದು ಮೂಟೆ ಬೂಸಾ ತಂದೆವು’ ಎಂದು ಕನ್ನಡದಲ್ಲಿ ಹೇಳಿದರೆ ಬರೆದುಕೊಳ್ಳಬೇಕು, ಕೇಳಿದರೆ ಓದಿ ಹೇಳಬೇಕು. ನೆಟ್‌ವರ್ಕ್ ಇಲ್ಲದ ಹೊಲದಲ್ಲೂ ನಡೆಯಬೇಕು.

ಸಾಲದ ವಿಷಯದಲ್ಲಿ ಎಚ್ಚರವಿರಲಿ. ಲೆಕ್ಕ ಬರೆಯುವ ನೆಪದಲ್ಲಿ ಸಾಲ ಮಾರುವ ಆ್ಯಪ್ ನಮಗೆ ಬೇಡ. ಸಾಲದ ಆ್ಯಪ್‌ಗಳು ನಿಮ್ಮ ಫೋನಿನ ನಂಬರುಗಳ ಪಟ್ಟಿ, ಫೋಟೋಗಳಿಗೆ ಕೈ ಹಾಕಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಕೇಳಿದರೆ ಕೊಡಬೇಡಿ. ಒಳ್ಳೆಯ ಆ್ಯಪ್ ಬಡ್ಡಿಯನ್ನು ಬಿಡಿಸಿ ತೋರಿಸಬೇಕು: ನೂರಕ್ಕೆ ತಿಂಗಳಿಗೆ 3 ರೂಪಾಯಿ ಎಂದರೆ ವರ್ಷಕ್ಕೆ ಶೇ. 36. ಹೈನುಗಾರಿಕೆಗೂ ಸಿಗುವ ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ 2 ಲಕ್ಷದವರೆಗಿನ ಸಾಲವನ್ನು ಸಕಾಲಕ್ಕೆ ಕಟ್ಟಿದರೆ ಬಡ್ಡಿ ಶೇ. 4. ಈ ಎರಡು ಅಂಕಿ ಅಕ್ಕಪಕ್ಕ ಕಂಡರೆ ಉಪದೇಶ ಬೇಕಾಗುವುದಿಲ್ಲ.

‘ಲೆಕ್ಕ ಇಟ್ಟರೆ ಹಾಲಿನ ರೇಟು ಏರುತ್ತಾ ಡಾಕ್ಟ್ರೇ?’ ಎಂದು ನೀವು ಕೇಳಬಹುದು. ಏರುವುದಿಲ್ಲ. ಆಹಾರದ ಮೂಟೆಯ ಬೆಲೆಯೂ ಇಳಿಯುವುದಿಲ್ಲ. ಆದರೆ ನಿಮ್ಮ ಮನೆಯಲ್ಲಿ ಒಂದು ಲೀಟರ್ ಹಾಲಿಗೆ ಬೀಳುವ ಖರ್ಚು ನಿಮಗೆ ತಿಳಿದಿರುತ್ತದೆ. ಸಂಘದ ವಾರ್ಷಿಕ ಮಹಾಸಭೆಯಲ್ಲಿ ‘ಗಿಟ್ಟುತ್ತಿಲ್ಲ’ ಎನ್ನುವುದಕ್ಕೂ, ‘ಲೀಟರಿಗೆ ಇಷ್ಟು ಬೀಳುತ್ತಿದೆ, ಇದೋ ಲೆಕ್ಕ’ ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಯಾವ ಹಸು ಉಳಿಸಬೇಕು, ಯಾವುದನ್ನು ಮಾರಬೇಕು ಎಂಬುದೂ ಆಗ ಸಿಟ್ಟಿನ ಅಥವಾ ಸಾಲದ ಒತ್ತಡದ ತೀರ್ಮಾನ ಆಗುವುದಿಲ್ಲ.

ಸಂಘಗಳ ಕಂಪ್ಯೂಟರಿನಲ್ಲಿ ಹಾಲಿನ ಅಂಕಿ ಈಗಾಗಲೇ ಇದೆ. ಸದಸ್ಯರ ಒಪ್ಪಿಗೆ ಪಡೆದು, ಅದೇ ಅಂಕಿಯ ಮೇಲೆ ಇಂಥ ಆ್ಯಪ್ ಕಟ್ಟುವ ಕೆಲಸಕ್ಕೆ ಒಕ್ಕೂಟಗಳೇ ಮುಂದಾಗಬೇಕು. ಲೆಕ್ಕದ ಒಡೆತನ ಮಾತ್ರ ರೈತರದೇ ಆಗಿರಬೇಕು.

ಅದು ಬರುವವರೆಗೆ ಮಕ್ಕಳ ಹಳೆಯ ನೋಟ್‌ಬುಕ್ ಸಾಕು. ಪ್ರತಿ ಹಸುವಿಗೆ ಒಂದು ಪುಟ, ಪುಟದಲ್ಲಿ ಐದು ಗೆರೆ: ಸಂಘಕ್ಕೆ ಹಾಕಿದ ಹಾಲು, ಮನೆಗೆ ಇಟ್ಟುಕೊಂಡ ಹಾಲು, ಆಹಾರ ಮತ್ತು ಮೇವು, ಔಷಧಿ, ಬೆದೆ ಮತ್ತು ಗರ್ಭಧಾರಣೆಯ ದಿನ. ಮುಂದಿನ ಬಟವಾಡೆಯಿಂದ ಶುರುಮಾಡಿ. ನಾನು ಕೊಟ್ಟಿಗೆಗೆ ಬಂದಾಗ ಹಸುವಿನ ಜೊತೆ ಆ ಪುಸ್ತಕವನ್ನೂ ತೋರಿಸಿ. ಚಿಕಿತ್ಸೆಗೂ ಅದು ನನಗೆ ಬೇಕಾಗುತ್ತದೆ.

– ಪಶುವೈದ್ಯಾಧಿಕಾರಿ